ಜರ್ಮನಿ ಗಿಡ ಮತ್ತು ಮುನಿಯಮ್ಮ

ನಮ್ಮ ಕಾರ್ಖಾನೆಗೆ ವೆಸ್ಟ್ ಜರ್ಮನಿಯಿಂದ ಒಂದು ಲೇತ್ ಬಂತು. ನಮ್ಮ ಮನೆಗೆ ಅದರ ಹುಲ್ಲು ಬಂತು.

ಪೆಟ್ಟಿಗೆಯಲ್ಲಿ ಮೆಷಿನ್ ಅಲುಗದಿರಲೆಂದು ತುರುಕಿದ್ದ ಒಣಹುಲ್ಲು. ಬಿಸಾಡಲು ಮನಸ್ಸಾಗದೆ ಕೇಳಿ ತಂದು ಕ್ವಾರ್ಟರ್ಸ್ ಮುಂದಿನ ಪಾತಿಗೆ ಹಾಸಿದೆ. ಮೂರು ವಾರಕ್ಕೆ ಅದರ ನಡುವೆ ಒಂದು ಸಸಿ ತಲೆ ಎತ್ತಿತು. ಎಂದೂ ನೋಡಿರದ ಎಲೆ. ಜರ್ಮನಿಯದಲ್ಲದೆ ಇನ್ನೆಲ್ಲಿಯದು?

(ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ತುಳಸಿ ಬಿಟ್ಟು ಬೇರೆ ಗಿಡದ ಪರಿಚಯವಿಲ್ಲ. ಇದು ಮೊದಲ ತಪ್ಪೊಪ್ಪಿಗೆ.)

ಆಮೇಲೆ ಅದರ ಸೇವೆಯೇ ಸೇವೆ. ಬೇಲಿ ಕಟ್ಟಿದೆ. ನಲ್ಲಿ ನಿಂತ ದಿನ ಸ್ನಾನ ಬಿಟ್ಟು ಅದಕ್ಕೆ ಒಂದು ಚೊಂಬು ಉಳಿಸಿದೆ. ಪಕ್ಕದ ಮನೆಯ ರಂಗರಾವ್ ದಿನಾ ಬಂದು, "ಗುರು, ಬೀಜ ಆದ್ರೆ ನಂಗೆ ಫಸ್ಟು ಕಣಪ್ಪ" ಎನ್ನುತ್ತಿದ್ದ.

ನಮಗೆ ಹಾಲು ತರುವ ಮುನಿಯಮ್ಮ ದೊಡ್ಡನೆಕ್ಕುಂದಿಯವಳು. ಒಂದು ಬೆಳಿಗ್ಗೆ ಬೇಲಿಯ ಮೇಲೆ ಬಗ್ಗಿ ನೋಡಿ ಹೇಳಿದಳು:

"ಅಯ್ಯೋ ಸಾಮಿ, ಇದು ಅಣ್ಣೆ ಸೊಪ್ಪು! ನಮ್ ರಾಗಿ ಒಲ್ದಾಗೆ ಕಿತ್ತೂ ಕಿತ್ತೂ ಸಾಕಾಗೋದು. ಎಳೇದ್ರಲ್ಲೇ ಚಿವುಟಿ ಸಾರು ಮಾಡ್ಸಿ, ಸಕ್ಕತ್ತಾಗಿರ್ತದೆ."

ಸುತ್ತ ನಾಲ್ಕು ಜನ ಇದ್ದರು. ನನಗೆ ಮುಖ ಸುಟ್ಟಂತಾಯಿತು.

"ಜರ್ಮನಿಲೂ ನಿಮ್ದೊಂದು ಹೊಲ ಇದ್ಯೇನಮ್ಮ?" ಎಂದೆ.

ಎಲ್ಲರೂ ನಕ್ಕರು. ಮುನಿಯಮ್ಮನೂ ನಕ್ಕಳು, ಸ್ವಲ್ಪ ತಡವಾಗಿ. ಹಾಲು ಅಳೆದು ಕೊಟ್ಟು ಹೋದಳು.

ನಮ್ಮ ಕ್ವಾರ್ಟರ್ಸ್ ನಿಂತಿರುವ ನೆಲ ಒಂದು ಕಾಲಕ್ಕೆ ಅವಳ ಮಾವನ ಹೊಲವಾಗಿತ್ತು. ಅದು ನನಗೂ ಗೊತ್ತಿತ್ತು. ಆದರೂ ಹುಲ್ಲನ್ನು ನಂಬಿದೆ, ಅವಳನ್ನು ನಂಬಲಿಲ್ಲ. ಇಂಪೋರ್ಟೆಡ್ ಎಂದರೆ ನಾವು ಬೇರೆ ಪ್ರಶ್ನೆ ಕೇಳುತ್ತೇವೆಯೇ?

ಗಿಡ ಸೊಂಟದೆತ್ತರ ಬೆಳೆದು ಹೂ ಬಿಟ್ಟಿತು. ಬಿಳಿ, ತುದಿಯಲ್ಲಿ ನಸುಗೆಂಪು, ಗರಿಯಂತೆ ನೆಟ್ಟಗೆ. ಅದೇ ಹೊತ್ತಿಗೆ ಕಾಲೋನಿಯ ತೋಟ ಸ್ಪರ್ಧೆ ಬಂತು. ಪ್ರತಿ ಗಿಡಕ್ಕೂ ಹೆಸರಿನ ಬೋರ್ಡ್ ಇರಲೇಬೇಕು. ತಗಡಿನ ಮೇಲೆ ಪೇಂಟ್‌ನಲ್ಲಿ ಬರೆದೆ: "ಜರ್ಮನ್ ಗರಿ ಹೂ." (ನಾಮಕರಣ ನನ್ನದೇ.)

ಸ್ಪರ್ಧೆಗೆ ಎರಡು ದಿನ ಮೊದಲು ಕುಂದಲಹಳ್ಳಿ ಕಡೆ ಸೈಕಲ್‌ನಲ್ಲಿ ಹೋಗಿದ್ದೆ. ಒಂದು ರಾಗಿ ಹೊಲದ ಬದುವಿನುದ್ದಕ್ಕೂ ನನ್ನ ಜರ್ಮನಿ ಗಿಡಗಳು! ನೂರಾರು. ಒಂದು ಹಸು ನೆಮ್ಮದಿಯಾಗಿ ಮೇಯುತ್ತಿತ್ತು. ಸೈಕಲ್ ನಿಲ್ಲಿಸಿ ಎಷ್ಟೋ ಹೊತ್ತು ನೋಡಿದೆ. ಮನೆಗೆ ಬಂದೆ. ಬೋರ್ಡ್ ಕೀಳಲಿಲ್ಲ. ಇದೇ ದೊಡ್ಡ ತಪ್ಪೊಪ್ಪಿಗೆ.

ಕಳೆದ ಭಾನುವಾರ ತೀರ್ಪುಗಾರರು ಬಂದರು. ಅವರಲ್ಲೊಬ್ಬ ಮೇಡಂ ಹೂವನ್ನು ಮುಟ್ಟಿ, "ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದರು. ಹಾಲಿನ ಕ್ಯಾನು ಹಿಡಿದು ಮುನಿಯಮ್ಮ ಆಗಲೇ ಬರಬೇಕೆ? ಮೇಡಂ ಅವಳತ್ತ ತಿರುಗಿದರು. "ಏನಮ್ಮ, ನಿಮ್ಮ ಕಡೆ ಇದು ಬೆಳೆಯುತ್ತಾ?"

ಮುನಿಯಮ್ಮ ಗಿಡ ನೋಡಿದಳು. ಬೋರ್ಡ್ ನೋಡಿದಳು. ನನ್ನ ಮುಖ ನೋಡಿದಳು.

"ಇಲ್ಲ ಕಣಮ್ಮೋ. ನಮ್ ಕಡೆ ಎಲ್ಲೂ ಕಂಡಿಲ್ಲ. ಸಾಮಿ ಮಗೀನಂಗೆ ಸಾಕವ್ರೆ."

ನನಗೆ ಅಪರೂಪದ ಗಿಡದ ಕಪ್ ಬಂತು.

ಸಂಜೆ ಹಾಲು ತಂದಾಗ ಕೇಳಿದೆ, "ಯಾಕಮ್ಮ ಸುಳ್ಳು ಹೇಳ್ದೆ?"

"ಅಷ್ಟು ಜನದ ಮುಂದೆ ನಿಮ್ಮುನ್ನ ಬಿಟ್ಕೊಡಾಕಾಯ್ತದಾ ಸಾಮಿ?" ಎಂದಳು. "ಪಾತ್ರೆ ಇಡೀರಿ, ಒತ್ತಾಯ್ತು."

ಅವಳ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಮರುದಿನ ಸ್ಪರ್ಧೆಯ ಸಮಿತಿಯವರಿಗೆ ನಿಜ ಹೇಳಿ ಕಪ್ ಒಪ್ಪಿಸಿ ಬಂದೆ. ಅವರು ಬೈಯಲಿಲ್ಲ, ನಕ್ಕು ಟೀ ಕೊಟ್ಟರು. ಆದರೆ ನಾನು ತಪ್ಪು ಮಾಡಿದ್ದು ಸಮಿತಿಗಲ್ಲವಲ್ಲ.

ಇದನ್ನೆಲ್ಲ ಇಷ್ಟುದ್ದ ಬರೆದುಬಿಟ್ಟೆ. ಮುನಿಯಮ್ಮನಿಗೆ ಓದಲು ಬರುವುದಿಲ್ಲ. ಅವಳು ಹಾಲು ತಂದಾಗ, ಅಂದು ನಕ್ಕ ಆ ನಾಲ್ಕು ಜನರನ್ನೂ ಕರೆದು ನಿಲ್ಲಿಸಿಕೊಂಡು, ನಾನೇ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು.

ಬರೆದಷ್ಟು ಸುಲಭವೇ ಅದು?