ದೂರದ ಕೆಲಸಕ್ಕೆ ಇಬ್ಬರು

ನಮ್ಮ ಮನೆಯವರು ಕೋಟು ಹೊಲಿಯುತ್ತಿದ್ದರು. ತೀರಿಕೊಂಡು ಏಳು ತಿಂಗಳಾಯಿತು. ದೊಡ್ಡ ಮನುಷ್ಯರೇನಲ್ಲ. ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಮ್ಮ ವಾಸ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಂಗಡಿಯೂ ಸಾಹುಕಾರರದು, ಕೋಣೆಯೂ ಅವರದೇ. ಮೆಟ್ಟಿಲು ಇಳಿದರೆ ಕೆಲಸ, ಹತ್ತಿದರೆ ಮನೆ. ನೆಲಕ್ಕೆ ಹಲಗೆ ಹಾಸಿದೆ. ಅವರು ಕೆಳಗೆ ಮಿಷನ್ ತುಳಿದರೆ ಮೇಲೆ ನನ್ನ ಅಂಗಾಲಿಗೆ ತಿಳಿಯುತ್ತಿತ್ತು. ಮಧ್ಯಾಹ್ನ ಮಿಷನ್ ನಿಂತರೆ ತಟ್ಟೆ ಇಡುತ್ತಿದ್ದೆ.

ಬೀದಿಯವರೆಲ್ಲ ಅವರನ್ನು ಟ್ರಯಲ್ ಮಾಸ್ಟ್ರು ಅನ್ನುತ್ತಿದ್ದರು. ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ತೊಡಿಸಿ, ಬಿಚ್ಚಿಸಿ, ಮತ್ತೆ ತೊಡಿಸಿ ನೋಡದೆ ಒಂದು ಕೋಟನ್ನೂ ಮುಗಿಸಿದವರಲ್ಲ. ಗಿರಾಕಿ ರೇಗಿದರೆ, "ಕೈ ಎತ್ತಿ ಸಾರ್, ಇನ್ನೊಂದೇ ಸಲ. ನಾಳೆ ಮದುವೆ ಮನೇಲಿ ಕಂಕುಳು ಹಿಡಿದ್ರೆ ಬೈಯೋದು ನನ್ನನ್ನೇ ತಾನೆ" ಅನ್ನುತ್ತಿದ್ದರು. ಚಪ್ಪಲಿ ಕೊಳ್ಳಲು ಹೋದರೂ ಅಂಗಡಿಯ ಆ ಮೂಲೆಯಿಂದ ಈ ಮೂಲೆಗೆ ನಡೆದು ನಡೆದು ಅಂಗಡಿಯವನಿಗೆ ಸಾಕುಬೇಕು ಮಾಡುತ್ತಿದ್ದರು.

"ಮತ್ತೆ ನನ್ನನ್ನ ಹೇಗೆ ಟ್ರಯಲ್ ಇಲ್ದೆ ಒಪ್ಕೊಂಡ್ರಿ?" ಅಂತ ಒಮ್ಮೆ ಕೇಳಿದೆ.

"ಆಗಿನ್ನೂ ಕೆಲಸ ಕಲೀತಾ ಇದ್ದೆ" ಅಂದರು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇದ್ದೆ. ನಸುಕಿಗೆ ಹೋದರೆ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಸೋಡಾ ನೀರಿಗೆ ಕೈ ಬಿರಿಯಿತು. ಬೆರಳ ಸಂದಿಯಲ್ಲಿ ರಕ್ತ ಬರುತ್ತಿತ್ತು. ಕೆಲಸ ಬಿಡು ಅಂದರು ಡಾಕ್ಟರು. ಬಿಟ್ಟರೆ ಅಂಗಡಿಯ ಸಂಬಳ ಒಂದರಲ್ಲಿ ಬಾಡಿಗೆ ಕಟ್ಟಿ ಇಬ್ಬರು ಉಣ್ಣುವ ಹಾಗಿರಲಿಲ್ಲ.

ಆಗ ದೂರದ ಕೆಲಸ ಬಂತು. ಊರಿನ ಇನ್ನೊಂದು ತುದಿಯಲ್ಲಿ ಯೂನಿಫಾರಂ ಹೊಲಿಯುವ ಫ್ಯಾಕ್ಟರಿ. ಕಟಿಂಗ್ ಮಾಸ್ಟರ್ ಬೇಕಾಗಿತ್ತು. ಸಂಬಳ ಅಂಗಡಿಯ ಒಂದೂವರೆ ಪಟ್ಟು. ಹೋಗಲು ಒಂದೇ ಬಸ್ಸು, ಆದರೆ ಅದು ಇಡೀ ಊರು ಸುತ್ತಿ ಹೋಗುತ್ತಿತ್ತು. ಅಲ್ಲೇ ಮನೆ ಮಾಡೋಣ ಅಂದರೆ ಆ ಕಡೆ ಗೋದಾಮು, ಲಾರಿ, ಧೂಳು. ಮನೆ ಅನ್ನುವುದೇ ಇಲ್ಲ.

ಸಾಹುಕಾರರು ಕೇಳಿ ಕತ್ತರಿ ಕೆಳಗಿಟ್ಟರು. "ಅಷ್ಟು ಕೊಡೋಕೆ ನನ್ನ ಕೈಲಾಗಲ್ಲ. ಹೋಗು. ಆದ್ರೆ ಅಷ್ಟೊಂದು ಯಾಕೆ ಕೊಡ್ತಾರೆ ಅಂತ ಯೋಚನೆ ಮಾಡಿದ್ಯಾ? ಅಲ್ಲಿಗೆ ಯಾರೂ ಹೋಗಲ್ಲ, ಅದಕ್ಕೆ."

ನಾನೂ ಬೇಡ ಅಂದೆ.

"ನಿನ್ನ ಕೈ ನೋಡ್ಕೊಂಡು ಮಾತಾಡು" ಅಂದರು ನಮ್ಮ ಮನೆಯವರು.

"ಕೈಗೇನು, ಮುಲಾಮು ಹಚ್ತಿದೀನಲ್ಲ."

"ಹಚ್ಚಿ ಹಚ್ಚಿ ಆ ಮುಲಾಮಿಗೇ ಬೇಜಾರಾಗಿದೆ."

ಆದರೂ ಮಾಸ್ಟ್ರು ಒಂದೇ ಏಟಿಗೆ ಹೂಂ ಅನ್ನಲಿಲ್ಲ. ಅಂಗಡಿಗೆ ಒಂದು ವಾರ ರಜೆ ಹಾಕಿ ಪ್ರಯಾಣಕ್ಕೆ ಟ್ರಯಲ್ ನೋಡಿದರು. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೋಗಿ ಫ್ಯಾಕ್ಟರಿ ಗೇಟಿನ ಎದುರು ಇಳಿಯುವುದು, ಮರದ ಕೆಳಗೆ ಕೂತು ಊಟ ಮಾಡುವುದು, ಕೆಲಸ ಬಿಡುವ ಹೊತ್ತಿಗೆ ಬಸ್ಸು ಹತ್ತಿ ವಾಪಸು ಬರುವುದು. ಎರಡನೆಯ ದಿನ ವಾಚ್‌ಮನ್ ಹತ್ತಿರ ಬಂದು ಯಾರಿಗೆ ಕಾಯ್ತಿದೀರಿ ಅಂತ ಕೇಳಿದನಂತೆ. "ನನಗೇ" ಅಂದರಂತೆ ಇವರು.

ವಾರ ಮುಗಿದಾಗ ಮುಖ ಅರಳಿತ್ತು. "ಕಿಟಕಿ ಪಕ್ಕದ ಸೀಟು. ತಣ್ಣಗೆ ಗಾಳಿ. ಹೋಗ್ತಾ ಒಂದು ನಿದ್ದೆ, ಬರ್ತಾ ಒಂದು ನಿದ್ದೆ. ಅದು ಬಸ್ಸಲ್ಲ, ಉಯ್ಯಾಲೆ." ಅಂಗಡಿ ಬಿಟ್ಟರು. ನಾನೂ ಸೋಡಾ ನೀರು ಬಿಟ್ಟೆ.

ಸೋಮವಾರ ಶಾಲೆ ಶುರುವಾಯಿತು. ಇವರು ಟ್ರಯಲ್ ನೋಡಿದ ವಾರ ಶಾಲೆಗೆ ರಜೆ ಇತ್ತು. ನಮಗೆ ಮಕ್ಕಳಿಲ್ಲ. ಮಕ್ಕಳಿದ್ದ ಮನೆಯಾಗಿದ್ದರೆ ಇಬ್ಬರಲ್ಲಿ ಒಬ್ಬರಿಗಾದರೂ ಅದು ಹೊಳೆಯುತ್ತಿತ್ತು.

ಆವತ್ತಿನಿಂದ ಹೋಗುವಾಗಲೂ ನಿಂತೇ, ಬರುವಾಗಲೂ ನಿಂತೇ. ಹೊಟ್ಟೆಗೆ ಒಬ್ಬ ಹುಡುಗನ ಚೀಲ, ಬೆನ್ನಿಗೆ ಇನ್ನೊಬ್ಬನ ಚೀಲ. ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು. ತುತ್ತು ಬಾಯಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದರು. ತಿಂಗಳಿಗೊಮ್ಮೆ ಸಂಬಳ ತಂದು ಕೈಗೆ ಕೊಡುತ್ತಿದ್ದರು. ಮಾತು ತರುತ್ತಿರಲಿಲ್ಲ.

ನನ್ನ ಕೈ ಗುಣವಾಯಿತು. ಹೊಸ ಚರ್ಮ ಬಂತು. ಇಡೀ ದಿನ ಆ ಕೋಣೆಯಲ್ಲಿ ಒಬ್ಬಳೇ. ಕೆಳಗೆ ಬೇರೆ ಯಾರೋ ಮಿಷನ್ ತುಳಿಯುತ್ತಿದ್ದ. ಒಂದು ಮಧ್ಯಾಹ್ನ ಅದು ನಿಂತಿತು. ನಾನು ತಟ್ಟೆ ಇಟ್ಟು ನೀರೂ ಇಟ್ಟೆ. ಆಮೇಲೆ ಎತ್ತಿಟ್ಟೆ.

ಮುಂದಿನ ಭಾನುವಾರ ಹೇಳಿದೆ, ವಾಪಸು ಅಂಗಡಿಗೆ ಬನ್ನಿ ಅಂತ.

"ನೀನು ಮತ್ತೆ ಸೋಡಾಕ್ಕೆ ಕೈ ಹಾಕ್ತೀಯಾ?"

"ಹಾಕ್ತೀನಿ."

"ಹುಚ್ಚಿ. ಆ ಕೈ ವಾಸಿ ಆಗ್ಲಿ ಅಂತಾನೇ ನಾನು ಅಷ್ಟು ದೂರ ನೇತಾಡ್ಕೊಂಡು ಹೋಗ್ತಿರೋದು."

"ವಾಸಿಯಾದ ಕೈ ಇಟ್ಕೊಂಡು ಏನ್ಮಾಡ್ಲಿ? ಗೋಡೆ ಮುಂದೆ ಕೂತು ಚಪ್ಪಾಳೆ ತಟ್ಲಾ?"

ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು, ಬಟ್ಟೆಯ ನೇಯ್ಗೆ ನೋಡುವ ಹಾಗೆ.

"ನಿಮ್ಮ ಫ್ಯಾಕ್ಟರೀಲಿ ಕೈ ನೆನೆಯದಂಥ ಕೆಲಸ ಇಲ್ವಾ?" ಅಂದೆ.

"ಗುಂಡಿ ಹಾಕೋರು ಬೇಕು ಅಂತಿದ್ರು. ಆದ್ರೆ ಆ ಬಸ್ಸಲ್ಲಿ ನೀನು..."

"ಒಂದು ವಾರ ಟ್ರಯಲ್ ನೋಡೋಣ."

"ಬೇಡ ಮಾರಾಯ್ತಿ. ನನ್ನ ಟ್ರಯಲ್ ನೋಡಿದ್ದೀಯಲ್ಲ."

ನಾದಿನಿ ಬಂದು ಕೂಗಾಡಿದಳು. "ಮನೆಯಿಂದ ಒಬ್ರು ಸವೀತಿರೋದು ಸಾಲ್ದು ಅಂತ ನೀನೂ ಹೊರಟ್ಯಾ ಅತ್ತಿಗೆ? ನಮ್ಮಣ್ಣನ್ನ ಯಾರೂ ಕದ್ಕೊಂಡು ಹೋಗಲ್ಲ, ಹೆದರ್ಬೇಡ." ಸೋಮವಾರದಿಂದ ಇಬ್ಬರೂ ಹೊರಟೆವು.

ನಮ್ಮ ಸ್ಟಾಪಿನಲ್ಲಿ ಹತ್ತಿದರೆ ಸೀಟಿಲ್ಲ. ಹಾಗಾಗಿ ಇನ್ನೂ ಬೇಗ ಎದ್ದು ಹಿಂದಕ್ಕೆ ನಡೆದು, ಬಸ್ಸು ಹೊರಡುವ ಡಿಪೋದಲ್ಲೇ ಹತ್ತುತ್ತಿದ್ದೆವು. ದೂರ ಮತ್ತಷ್ಟು ಹೆಚ್ಚಾಯಿತು. ಆದರೆ ಇಬ್ಬರು ಕೂರುವ ಸೀಟು ಸಿಕ್ಕಿತು.

ಮದುವೆಯಾದಾಗಿನಿಂದ ಆಡದಷ್ಟು ಮಾತು ಆ ಸೀಟಿನಲ್ಲಿ ಆಡಿದೆವು. ಮನೆಯಲ್ಲಿದ್ದಾಗ ಅವರಿಗೆ ಕೆಳಗಿನ ಕೆಲಸದ ಧ್ಯಾನ, ನನಗೆ ಒಲೆಯ ಧ್ಯಾನ. ಬಸ್ಸಿನಲ್ಲಿ ಮಾಡಲು ಏನೂ ಇಲ್ಲ. ಹತ್ತಿದವರ ಬಟ್ಟೆಯನ್ನೆಲ್ಲ ಅವರು ಅಳೆಯುತ್ತಿದ್ದರು. "ಆ ಭುಜ ನೋಡು. ಹ್ಯಾಂಗರ್ ಸಮೇತ ಹಾಕ್ಕೊಂಡು ಬಂದಿದ್ದಾನೆ" ಅನ್ನುತ್ತಿದ್ದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೆ. ಚಿಕ್ಕವರಿದ್ದಾಗ ಅವರ ಅಪ್ಪ ಅಳತೆಕೋಲಿನಿಂದ ಹೊಡೆದದ್ದನ್ನು ಅಲ್ಲೇ ಹೇಳಿದ್ದು. ಹುಟ್ಟದ ನಮ್ಮ ಮಗುವಿನ ಬಗ್ಗೆ ಮೊದಲ ಸಲ ಮಾತಾಡಿದ್ದೂ ಅಲ್ಲೇ. ಸಿಗ್ನಲ್‌ನಲ್ಲಿ ಬಸ್ಸು ನಿಂತಿತ್ತು. ಹಸಿರು ಬಂದ ಮೇಲೂ ಅವರು ನನ್ನ ಕೈ ಬಿಡಲಿಲ್ಲ.

ಫ್ಯಾಕ್ಟರಿಯಲ್ಲಿ ಅವರು ಹಾಲಿನ ಆ ಕೊನೆ, ನಾನು ಈ ಕೊನೆ. ಸಂಜೆಯವರೆಗೆ ಮುಖ ನೋಡುತ್ತಿರಲಿಲ್ಲ. ಅಲ್ಲೂ ಕೊನೆಯ ಸ್ಟಾಪಿಗೆ ನಡೆದು ಬಸ್ಸು ಹತ್ತಿದ ಮೇಲೆ ಮತ್ತೆ ಮಾತು ಶುರು.

"ಏನ್ ಮಾಸ್ಟ್ರೇ, ಮನೇಲಿ ಬಾಯಿಗೆ ಬೀಗ ಹಾಕ್ತಾರಾ ಅಮ್ಮಾವ್ರು?" ಅಂತ ಕಂಡಕ್ಟರ್ ಕೇಳಿದ.

"ಮನೆ ಇದೇ ಕಣಪ್ಪ. ಅಲ್ಲಿಗೆ ಸುಮ್ನೆ ಮಲಗೋಕೆ ಹೋಗ್ತೀವಿ."

ಹಾಗೆ ಒಂಬತ್ತು ವರ್ಷ.

ಒಂದು ಭಾನುವಾರ ಬೆಳಿಗ್ಗೆ ಅಂಗಿಗೆ ಕೈ ತೂರಿಸುತ್ತಾ ಮಂಚದ ಮೇಲೆ ಕೂತರು. ಏಳಲಿಲ್ಲ. ಇನ್ನೊಂದು ತೋಳು ಹಾಗೇ ನೇತಾಡುತ್ತಿತ್ತು. ದಿನಾ ದೂರ ಓಡಾಡಿಯೇ ಹೋದ ಅನ್ನುತ್ತಾಳೆ ನಾದಿನಿ. ಡಾಕ್ಟರು ಹಾಗೇನೂ ಹೇಳಲಿಲ್ಲ. ನನಗೆ ಗೊತ್ತಿಲ್ಲ. ಗೊತ್ತಾದರೂ ಅವರು ಬರುವುದಿಲ್ಲ.

ನಾನು ಕೆಲಸಕ್ಕೆ ಹೋಗುತ್ತಲೇ ಇದ್ದೇನೆ. ಪಕ್ಕದಲ್ಲಿ ಯಾರಾದರೂ ಕೂರುತ್ತಾರೆ. ಕೆಲವರು ಫೋನ್ ನೋಡುತ್ತಾರೆ, ಕೆಲವರು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಾರೆ. ನಾನು ಎಬ್ಬಿಸುವುದಿಲ್ಲ.

ಹೋದ ವಾರ ಸಾಹುಕಾರರು ಮೆಟ್ಟಿಲು ಹತ್ತಿ ಬಂದರು. ಜೊತೆಯಲ್ಲಿ ನಾದಿನಿ. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದದ್ದು ಮುಖ ನೋಡಿದರೇ ತಿಳಿಯುತ್ತಿತ್ತು.

"ಕೆಳಗೆ ಗುಂಡಿ ಹಾಕೋ ಕೆಲಸ ಇದೆಯಮ್ಮ" ಅಂದರು ಸಾಹುಕಾರರು. "ಅಲ್ಲಿಯಷ್ಟು ಕೊಡೋಕಾಗಲ್ಲ. ಆದ್ರೆ ಬಾಡಿಗೆ ಕಡಿಮೆ ಮಾಡ್ಕೊಳ್ತೀನಿ. ಸಂಜೆ ದೀಪ ಹಚ್ಚೋ ಮೊದ್ಲೇ ಮನೇಲಿರ್ತೀಯ."

"ಹೂಂ ಅನ್ನು ಅತ್ತಿಗೆ. ಒಬ್ಬಳ ಹೊಟ್ಟೆಗೆ ಅಷ್ಟು ದುಡ್ಡು ಯಾಕೆ? ಯಾರಿಗೋಸ್ಕರ ಆ ಬಸ್ಸಲ್ಲಿ ಒದ್ದಾಡ್ತೀಯ?"

ಅವರು ಹೇಳಿದ್ದು ಸುಳ್ಳಲ್ಲ. ಮಂಡಿ ನೋಯುತ್ತದೆ. ಡಿಪೋಕ್ಕೆ ನಡೆಯುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತೇನೆ. ಉಳಿಸಿ ಕೊಡಲು ಯಾರೂ ಇಲ್ಲ. ಎರಡು ದಿನ ಸಮಯ ಕೇಳಿದೆ. ಎರಡು ದಿನವೂ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ.

ಮೂರನೆಯ ದಿನ ಅಂಗಡಿಗೆ ಇಳಿದು ಬೇಡ ಅಂದೆ.

"ಯಾಕಮ್ಮ?" ಸಾಹುಕಾರರಿಗೆ ನಿಜವಾಗಿ ಬೇಸರವಾಯಿತು. "ನನ್ನ ಮೇಲೆ ಕೋಪಾನಾ?"

"ನಿಮ್ಮ ಮೇಲೆ ಏನಿಲ್ಲ. ಇಲ್ಲಿ ಕೆಲಸ ಮಾಡಿದ್ರೆ ಬೇಗ ಮನೆಗೆ ಹೋಗ್ಬೇಕಾಗುತ್ತೆ."

"ಒಳ್ಳೇದೇ ಅಲ್ವಾ ಅದು?"

"ಬೇಗ ಹೋಗಿ?"

ಅವರು ಟೇಪು ಸುತ್ತುತ್ತಾ ನಿಂತರು. ನಾನು ಡಬ್ಬಿ ತೆಗೆದುಕೊಂಡು ಡಿಪೋ ಕಡೆ ನಡೆದೆ. ಈಗ ಬೀದಿಯಲ್ಲೆಲ್ಲ ನಾನು ಸಂಬಳದ ಆಸೆಗೆ ಹೋಗುತ್ತೇನೆ ಅಂತ ಮಾತಾಗಿದೆ. ಆಡಿಕೊಳ್ಳಲಿ.