ಕರಾರಿನಲ್ಲಿ ಬರೆಯದೆ ಬಿಟ್ಟದ್ದು

ನಿನ್ನೆ ಮಗಳು ನಮ್ಮ ಡೊಂಬಿವಲಿ ಫ್ಲ್ಯಾಟಿನ ಹೊಸ ಬಾಡಿಗೆ ಕರಾರನ್ನು ನನ್ನ ಮುಂದಿಟ್ಟಳು. ಪ್ರಿಂಟರಿನಿಂದ ಆಗಷ್ಟೇ ಇಳಿದ ಬಿಸಿ ಹಾಳೆಗಳು. ಹನ್ನೆರಡು ಪುಟ. ಗ್ಯಾಲರಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕಬಾರದೆನ್ನುವುದಕ್ಕೂ ಒಂದು ಕಲಮು. ಓದುತ್ತಿದ್ದಂತೆ, ತೊಂಬತ್ತರ ದಶಕದಲ್ಲಿ ನಾನು ಬರೆದಿದ್ದ ಎರಡು ಪುಟದ ಕರಾರು ನೆನಪಾಯಿತು.

ಆಗ ನಾವು ಠಾಣೆ ಶಹರಕ್ಕೆ ಮನೆ ಬದಲಿಸಿ, ಆ ಮನೆಯನ್ನು ಕಲಬುರಗಿ ಕಡೆಯ ಶರಣಪ್ಪನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವನಿಗೆ ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಲೋಡಿಂಗ್ ಕೆಲಸ. ಹೆಂಡತಿ ಮಹಾದೇವಿ, ಮಕ್ಕಳಿರಲಿಲ್ಲ. ಬ್ಯಾಂಕಿನಲ್ಲಿ ದಿನವೂ ಇಂಗ್ಲಿಷ್ ಪತ್ರ ಬರೆಯುವವನಿಗೆ ವಕೀಲರೇಕೆ ಎಂಬ ಕೊಬ್ಬು ನನಗೆ. ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆಯೇ ಮೂರು ಸಾಲು ಬರೆದೆ. ಅವರು ಇಲ್ಲದಾಗ ಒಳಗೆ ಏನಾದರೂ ಕೆಟ್ಟರೆ ಬಾಗಿಲು ತೆಗೆಯುವವರು ಯಾರು, ಹೇಗೆ, ಎಂಬುದು ಹೊಳೆಯಲೇ ಇಲ್ಲ.

ಮೇ ತಿಂಗಳಲ್ಲಿ ಗಂಡ ಹೆಂಡತಿ ಊರಿಗೆ ಹೋದರು. ನಾಲ್ಕನೆಯ ದಿನ, ಆ ಫ್ಲ್ಯಾಟಿನ ಕೆಳಮನೆಯ ಹೆಂಗಸು ಜೋಶಿಕಾಕು ಫೋನ್ ಮಾಡಿದರು: ಅವರ ಅಡುಗೆಮನೆಯ ಚಾವಣಿಯಿಂದ ನೀರು ಇಳಿಯುತ್ತಿತ್ತು. ಶರಣಪ್ಪನ ಊರಿನ ಮನೆಯಲ್ಲಿ ಫೋನಿಲ್ಲ, ನನ್ನ ಬಳಿ ಇನ್ನೊಂದು ಕೀಲಿಯಿಲ್ಲ. ಡೊಂಬಿವಲಿಗೆ ಧಾವಿಸಿದೆ. ಸೊಸೈಟಿಯ ಸೆಕ್ರೆಟರಿ ಬೀಗ ಒಡೆಯಿರಿ ಎಂದರು. ಏನಾದರೂ ಕಳೆದರೆ ತಾವು ಜವಾಬ್ದಾರರಲ್ಲ ಎಂದೂ ಅಂದರು. ನೀವೇ ಹೇಳಿ, ಇಂಥವರ ಜತೆ ಏನು ಮಾಡುವುದು? ಮೆಟ್ಟಿಲ ಮೇಲೆ ಕೂತು ಕರಾರನ್ನು ಮತ್ತೆ ಓದಿದೆ. ಬರೀ ಮೊಳೆ.

ಕೊನೆಗೆ ಸೊಸೈಟಿಯ ಐದು ಜನರೆದುರು ಬೀಗ ಒಡೆಸಿದೆ. ಸಿಂಕಿನ ಕೆಳಗಿನ ಪೈಪು ಬಿರಿದಿತ್ತು. ಪ್ಲಂಬರ್ ಅರ್ಧ ತಾಸಿನಲ್ಲಿ ಸರಿಮಾಡಿದ. ಅಷ್ಟಕ್ಕೇ ಹೊರಗೆ ಬರಬೇಕಿತ್ತು. ಆದರೆ ನಾಳೆ ಕಳ್ಳತನದ ಮಾತು ಬರಬಾರದೆಂದು ಸೆಕ್ರೆಟರಿ ಸಾಮಾನಿನ ಪಟ್ಟಿ ಮಾಡಹೊರಟರು. ನಾನು ಹೂಂ ಎಂದೆ. ಮಂಚದ ಕೆಳಗಿನ ಟ್ರಂಕನ್ನೂ ತೆರೆದು ಗಟ್ಟಿಯಾಗಿ ಓದಿ ಬರೆಸಿದರು: ಸೀರೆ ಮೂರು, ಕೂಸಿನ ಅಂಗಿ ನಾಲ್ಕು, ಕುಲಾವಿ ಒಂದು.

ಅವರು ಮರಳಿದ ವಾರಕ್ಕೆ ನಾನು ಪಟ್ಟಿ ಹಿಡಿದು ಹೋದೆ. ಶರಣಪ್ಪ ಇರಲಿ ಬಿಡ್ರಿ ಎಂದ. ಮಹಾದೇವಿ ಪಟ್ಟಿಯನ್ನು ಮುಟ್ಟದೆ ಹೇಳಿದಳು:

"ಬೀಗ ಒಡದದ್ದಕ್ಕ ಏನೂ ಅನ್ನಂಗಿಲ್ರಿ ಸಾಹೇಬ್ರ. ನಮ್ಮ ಕೂಸು ಹೋಗಿ ಮೂರು ವರ್ಷಾತು. ಇಲ್ಲಿ ಯಾರಿಗೂ ಹೇಳಿದ್ದಿಲ್ಲ. ಈಗ ಟ್ಯಾಂಕರ್ ನೀರಿಗಿ ನಿಂತ್ರೂ ಕೇಳ್ತಾರ, ಆ ಅಂಗಿ ಯಾರದು ಅಂತ."

ಮುಂದಿನ ತಿಂಗಳೇ ಅವರು ಮನೆ ಬಿಟ್ಟರು. ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿನ್ನೆ, ರಿಪೇರಿಯ ಜಾಗ ಬಿಟ್ಟು ಬೇರೇನನ್ನೂ ಮಾಲೀಕ ಮುಟ್ಟಬಾರದು ಎಂದು ಹಾಳೆಯ ಅಂಚಿನಲ್ಲಿ ನಾನು ಬರೆದಾಗ, ಇಷ್ಟೆಲ್ಲ ಯಾರು ಬರೆಯುತ್ತಾರೆಂದು ಮಗಳು ಹಿಂದಿಯಲ್ಲಿ ಕೇಳಿ ನಕ್ಕಳು. ಆಗ ಎಲ್ಲ ಹೇಳಿದೆ. ಅವಳು ಕೇಳಿದಳು:

"ಟ್ರಂಕ್ ಕೋ ತಾಲಾ ನಹೀಂ ಥಾ, ಪಪ್ಪಾ?"

"ಬೀಗ ಇರಲಿಲ್ಲ," ಎಂದೆ. "ಮನೆಗೇ ಹಾಕಿದ್ದಳಲ್ಲ."