ಮಾಸ್ತರರ ಸಿತಾರದ ಖಾಲಿ ಜಾಗ

ಹೋದ ವಾರ ಜಮಖಂಡಿಯಲ್ಲಿ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದೆ. ಅವರು ಹುಳುಕು ಹಲ್ಲನ್ನು ಕೊರೆಯತೊಡಗಿದಾಗ ಸುಟ್ಟ ಕೊಂಬಿನಂಥ ವಾಸನೆ ಬಂತು. ಕೊಂಬಿನ ಮೇಲೆ ಅರ ಆಡಿಸಿದಾಗ ಏಳುವ ಪುಡಿಯ ವಾಸನೆ. ಅದನ್ನು ನಾನು ಮೊದಲು ಮೂಸಿದ್ದು ರಬಕವಿಯಲ್ಲಿ, ಮಾಸ್ತರರ ಸಿತಾರಕ್ಕೆ ಕೈ ಹಚ್ಚಿದ ದಿನ...

ನಾನಾಗ ಇಪ್ಪತ್ತನಾಲ್ಕು ವರ್ಷದ ಬಡಿಗ. ಅಪ್ಪ ತೀರಿಕೊಂಡ ಮೇಲೆ ಮಗ್ಗ ಮಾಡುವ ಕೆಲಸವೆಲ್ಲ ನನ್ನ ಮೇಲೆ ಬಿದ್ದಿತ್ತು. ಮಾಸ್ತರರ ಮನೆ ನಮ್ಮ ಗೋಡೆಗೆ ಹೊಂದಿಕೊಂಡಿತ್ತು. ಸಂಸ್ಥಾನ ಇದ್ದಾಗ ಅವರು ಜಮಖಂಡಿಯ ದೊಡ್ಡ ಮನೆತನಗಳ ಹೆಣ್ಣುಮಕ್ಕಳಿಗೆ ಸಿತಾರ ಕಲಿಸುತ್ತಿದ್ದರಂತೆ. ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿದ ಮೇಲೆ ಆ ಮನೆಗಳ ಪಾಠಗಳು ಒಂದೊಂದಾಗಿ ನಿಂತವು. ಅವರು ಬನಹಟ್ಟಿಯ ಒಂದು ಪಾವರ್‌ಲೂಮಿನಲ್ಲಿ ಕೆಲಸಕ್ಕೆ ಸೇರಿದರು. ಆದರೂ ಓಣಿಗೆಲ್ಲ ಅವರು ಮಾಸ್ತರರೇ.

ಸಂಜೆ ಕೆಲಸದಿಂದ ಬಂದು ಪಡಸಾಲೆಯಲ್ಲಿ ನುಡಿಸಲು ಕೂಡುತ್ತಿದ್ದರು. ಅವರ ಹೆಂಡತಿ, ನನ್ನ ಪಾಲಿಗೆ ಅಕ್ಕಾ, ಎದುರಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಾಸ್ತರರು ಒಂದೇ ಕಡೆ ಬೆರಳಿಟ್ಟು ತಂತಿಯನ್ನು ಅಡ್ಡ ಎಳೆದರೆ, ಸ್ವರ ಜಾರುತ್ತ ಜಾರುತ್ತ ಐದನೆಯ ಸ್ವರದ ತನಕ ಹೋಗುತ್ತಿತ್ತು. ಆ ಹೊತ್ತಿಗೆ ಅಕ್ಕಾನ ಕೈ ಮೊರದಲ್ಲಿ ನಿಂತುಬಿಡುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಆ ಎಳೆತ ಅವರಿಬ್ಬರ ನಡುವಿನ ಮಾತು ಎಂದು ನಮ್ಮವ್ವ ಹೇಳುತ್ತಿದ್ದಳು.

ಒಂದು ದಿನ ಯಂತ್ರದ ಪಟ್ಟಾದಲ್ಲಿ ಮಾಸ್ತರರ ಎಡಗೈ ಸಿಕ್ಕಿತು. ನಡುಬೆರಳು ಅರ್ಧ ಹೋಯಿತು. ತೋರುಬೆರಳು ಉಳಿಯಿತು, ಆದರೆ ಬಾತು ಸೆಟೆದು ಮಡಚದಂತಾಯಿತು. ಎರಡು ತಿಂಗಳ ಮೇಲೆ ಸಿತಾರ ಎತ್ತಿಕೊಂಡು ನನ್ನಲ್ಲಿಗೆ ಬಂದರು.

“ತಮ್ಮಾ, ಈ ಬಟ್ಟು ಅಡ್ಡ ಬೀಳತೈತಿ. ಒಂದ ತಂತಿ ಒತ್ತಿದ್ರ ಬಾಜೂಕಿಂದಕ್ಕೂ ತಾಗತೈತಿ. ನಡುವ ಸ್ವಲ್ಪ ಜಾಗಾ ಮಾಡಿಕೊಡ್ತಿ ಏನು?”

ಸಿತಾರ ಇಟ್ಟು ಗಾಯ ತೋರಿಸಲು ಮಿರಜಿಗೆ ಹೋದರು. ನಾನು ನೋಡಿದೆ. ಏಳು ತಂತಿಗಳೂ ಒಂದೇ ಬದಿಗೆ ಒತ್ತಿಕೊಂಡಿದ್ದವು, ಇನ್ನೊಂದು ಬದಿ ಖಾಲಿ ಬಿದ್ದಿತ್ತು. ಮಗ್ಗದ ಹಣಿಗೆಯ ಹಲ್ಲುಗಳ ಸಮ ಅಂತರ ನೋಡಿ ಬೆಳೆದ ನನ್ನ ಕಣ್ಣಿಗೆ ಅದು ಮಾಡಿದವನ ತಪ್ಪೆಂದೇ ಕಂಡಿತು. ತಂತಿ ಕೂಡುವ ಕೊಂಬಿನ ಪಟ್ಟಿಗಳಲ್ಲಿ ಅಗಲಕ್ಕೂ ಸಮನಾಗಿ ಹೊಸ ಗೀರು ಕೊರೆದೆ. ಹಳೆಯ ಗೀರು ಕಾಣಬಾರದೆಂದು ಅರ ಹೊಡೆದು ಸಪಾಟು ಮಾಡಿದೆ. ಯಾರನ್ನೂ ಕೇಳಲಿಲ್ಲ.

ಮಾಸ್ತರರು ಬಂದು ನುಡಿಸಿದರು. ಬೆರಳು ಪಕ್ಕದ ತಂತಿಗೆ ತಾಗಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಅವರು ತಂತಿಯನ್ನು ಅಡ್ಡ ಎಳೆದರು. ಒಂದು ಸ್ವರ ದಾಟುವುದರೊಳಗೆ ತಂತಿ ಸಿತಾರದ ಅಂಚಿನಿಂದ ಕೆಳಗೆ ಜಾರಿ ದನಿ ಸತ್ತಿತು.

ಅವರು ಸಿತಾರವನ್ನು ಮಡಿಲಿನಿಂದ ಕೆಳಗಿಟ್ಟರು. “ಆ ಖಾಲಿ ಜಾಗಾ ಎಳಿಯಾಕ ಇತ್ತಪಾ,” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಸಿತಾರ ಹೊತ್ತು ನಾನು ಮಿರಜಿಗೆ ಹೋದೆ. ವಾದ್ಯ ಮಾಡುವ ಮುದುಕರೊಬ್ಬರು ಹೊಸ ಪಟ್ಟಿ ಕೂಡಿಸಿ, ತಂತಿಗಳ ನಡುವೆ ಅಂತರ ಹೆಚ್ಚಿಸಿದರೆ ಎಳೆತ ಹೋಗುತ್ತದೆ, ಎಳೆತ ಬೇಕಿದ್ದರೆ ತಂತಿಗಳನ್ನೇ ಕಡಿಮೆ ಮಾಡಬೇಕು ಎಂದು ತಿಳಿಸಿ ಹೇಳಿದರು. ಊರಿಗೆ ಬಂದು ಹಾಗೇ ಹೇಳಿದೆ. ಮಾಸ್ತರರು ತಮ್ಮ ಕೈಯಿಂದಲೇ ನಾಲ್ಕು ತಂತಿ ಬಿಚ್ಚಿದರು. ಮೂರು ಉಳಿದವು. ಬೆರಳಿಗೆ ಜಾಗ ಸಿಕ್ಕಿತು. ಆದರೆ ಕೆಳಗಿನ ಗಂಭೀರ ದನಿ ಹೋಗಿ ಸಿತಾರ ಬಡಕಲಾಗಿತ್ತು...

ಆದರೂ ತಿಂಗಳುಗಟ್ಟಲೆ ನುಡಿಸಿದರು. ಸೆಟೆದ ಬೆರಳಿಗೆ ಹಿಂದಿನ ಜೋರಿರಲಿಲ್ಲ. ಎಳೆತ ಮೂರನೆಯ ಸ್ವರದಲ್ಲೇ ನಡುಗಿ ನಿಲ್ಲುತ್ತಿತ್ತು. ಒಂದು ಸಂಜೆ ನಾನೂ ಅಲ್ಲಿದ್ದೆ. ತುಟಿ ಕಚ್ಚಿ ಎಳೆದರು. ಐದನೆಯ ಸ್ವರ ದೂರವೇ ಉಳಿಯಿತು, ನಾಲ್ಕನೆಯದೂ ಸರಿಯಾಗಿ ಹತ್ತಲಿಲ್ಲ. ನನಗೇ ತಿಳಿಯಿತು.

ಅಕ್ಕಾ ಮೊರದಲ್ಲಿ ಕೈ ನಿಲ್ಲಿಸಿ, “ಬಂತ ನೋಡ್ರಿ,” ಎಂದರು.

ಮಾಸ್ತರರು ಹೆಂಡತಿಯ ಮುಖ ನೋಡಿದರು. ಸಿಟ್ಟು ಇರಲಿಲ್ಲ. “ಮೂವತ್ತ ವರ್ಷ ಕೇಳಿದಾಕಿ ನೀ,” ಎಂದು ಮೆಲ್ಲಗೆ ಅಂದರು. ಅಕ್ಕಾ ತಲೆ ಎತ್ತಲಿಲ್ಲ. ಮಾಸ್ತರರು ಸಿತಾರಕ್ಕೆ ಗವಸು ಹಾಕಿದರು. ಅದನ್ನು ಮತ್ತೆ ತೆಗೆದದ್ದನ್ನು ನಾನು ನೋಡಲಿಲ್ಲ.

ಮುಂದಿನ ವರ್ಷ ಇಬ್ಬರೂ ಮನೆ ಬಿಟ್ಟು ಅಕ್ಕಾನ ತವರೂರು ಲೋಕಾಪುರಕ್ಕೆ ಹೋದರು. ಸಾಮಾನು ಗಾಡಿಗೆ ಏರಿಸಿದವನು ನಾನೇ. ತಪ್ಪಾಯಿತು ಎಂದು ಆಗ ಹೇಳಬೇಕಿತ್ತು. ಹಗ್ಗ ಬಿಗಿಯುತ್ತ ನಿಂತೆ. ಒಮ್ಮೆ ಹೋಗಿ ಬಂದರಾಯಿತು ಎನ್ನುತ್ತಲೇ ವರ್ಷಗಳು ಹೋದವು.

ಮೊನ್ನೆ ಮಗನನ್ನು ಕರೆದುಕೊಂಡು ಲೋಕಾಪುರಕ್ಕೆ ಹೋಗಿದ್ದೆ. ಮೂರು ಓಣಿ ತಿರುಗಿ ಸಿತಾರದ ಮಾಸ್ತರರ ಬಗ್ಗೆ ಕೇಳಿದೆ. ಸಿತಾರ ನುಡಿಸುವವರು ಇಲ್ಲಿ ಯಾವಾಗಲೂ ಇರಲಿಲ್ಲವಲ್ಲ ಅಜ್ಜಾ, ಅಂದರು.